ಚೆಂಡವಾಡಿಯ ಎಂಟು ತಿಂಗಳ ಕೆಲಸ

ಕುರ್ಲಾ, ಮುಂಬಯಿ
5 ಆಗಸ್ಟ್ 1973

ಪ್ರೀತಿಯ ವಾರಿಜಾ,

ನಮ್ಮ ಕಾರ್ಖಾನೆಗೆ ಬೀಗ ಬಿದ್ದು ಇವತ್ತಿಗೆ ಐವತ್ತು ದಿನ. ನೀನು ಹೋದ ವರ್ಷವೇ ಮದುವೆಯಾಗಿ ಮಂಗಳೂರಿಗೆ ಹೋದೆ, ಬಚಾವಾದೆ. ಘಾಟ್ಕೋಪರಿನ ಆ ಶೆಡ್ಡಿನಲ್ಲಿ ನಾವಿಬ್ಬರೂ ನಾಲ್ಕು ವರ್ಷ ಎದುರುಬದುರು ಕೂತು ಔಷಧದ ಬಾಟಲಿ ತೊಳೆದೆವಲ್ಲ, ಈಗ ಅಲ್ಲಿ ಹಂದಿ ಮಲಗುತ್ತವೆ. ಬಾಗಿಲ ಸಂದಿಯಿಂದ ಇಣುಕಿ ನೋಡಿ ಬಂದೆ.

ಈ ಮಳೆಗಾಲ ನಮ್ಮ ಚಾಳಿನ ಹಿಂದಿನ ನಾಲೆ ಎರಡು ಸಲ ಉಕ್ಕಿತು. ಹೋದ ಮಂಗಳವಾರ ಅಪ್ಪನ ಹಾಸಿಗೆ ಎತ್ತಿದರೆ ಕೆಳಗೆ ಸತ್ತ ಹೆಗ್ಗಣ, ಊದಿಕೊಂಡು ಚರ್ಮ ಬಿರಿದಿತ್ತು. ಅಪ್ಪ ರಾತ್ರಿಯೆಲ್ಲ ಅದರ ಮೇಲೆಯೇ ಮಲಗಿದ್ದ. ಇಪ್ಪತ್ತು ವರ್ಷ ಸಿಮೆಂಟಿನ ಚೀಲ ಹೊತ್ತು ಅವನ ಮೂಗಿಗೆ ವಾಸನೆಯೇ ತಿಳಿಯದಂತಾಗಿದೆ. "ಚಂದ್ರವ್ವಾ, ನನಗೇನೂ ಗೊತ್ತಾಗಲಿಲ್ಲ ನೋಡವಾ" ಎಂದು ನಕ್ಕ. ನನಗೆ ಎರಡು ದಿನ ಊಟ ಸೇರಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ರೇಷನ್ ಅಂಗಡಿಯ ಗೋಡೆಗೆ ಒಂದು ಜಾಹೀರಾತು ಅಂಟಿಸಿದ್ದಾರೆ. ದಹಿಸರ್‌ನಿಂದ ಆಚೆ ಎಸ್.ಟಿ. ಬಸ್ಸಿನಲ್ಲಿ ಹೋಗುವ ಚೆಂಡವಾಡಿ ರಾಷ್ಟ್ರೀಯ ಉದ್ಯಾನಕ್ಕೆ ಹಂಗಾಮಿ ಕೆಲಸಗಾರರು ಬೇಕಂತೆ. ಅಕ್ಟೋಬರಿನಿಂದ ಮೇ ತನಕ, ಎಂಟು ತಿಂಗಳು. ಸಸಿಗಳಿಗೆ ನೀರು ಹಾಕುವುದು, ಕಾಳ್ಗಿಚ್ಚು ಹಬ್ಬದಂತೆ ಒಣಹುಲ್ಲು ಕೊಯ್ಯುವುದು, ಕೆರೆಯ ದಂಡೆ ಗುಡಿಸುವುದು. ಹೆಂಗಸರಿಗೂ ಇಪ್ಪತ್ತು ಜಾಗವಿದೆ. ಮೂರು ಸೀಸನ್ ಬಿಡದೆ ದುಡಿದರೆ ಕಾಯಂ ಮಾಡುತ್ತಾರಂತೆ. ವಾರಿಜಾ, ಗಿಡಮರದ ಕೆಳಗೆ ನಿಂತು ಕೂಲಿ ಪಡೆಯುವ ಕೆಲಸವೊಂದು ಈ ಊರಿನಲ್ಲಿದೆ ಎಂದು ನನಗೆ ಗೊತ್ತೇ ಇರಲಿಲ್ಲ.

ನಿನ್ನ ಸೋದರಮಾವ ಐತಪ್ಪ ಅಲ್ಲೇ ಹೆಡ್ ಕ್ಲಾರ್ಕ್ ಅಲ್ಲವೇ? ಅರ್ಜಿಗಳೆಲ್ಲ ಅವರ ಮೇಜಿಗೇ ಹೋಗುತ್ತವೆ ಎಂದು ಕೇಳಿದೆ. ನೀನು ಒಂದು ಮಾತು ಬರೆದರೆ ಸಾಕು. ಕಡೆಯ ತಾರೀಖು ಸೆಪ್ಟೆಂಬರ್ ಹದಿನೈದು.

ನಿನ್ನ
ಚಂದ್ರವ್ವ


ಮಂಗಳೂರು
14 ಆಗಸ್ಟ್ 1973

ಪ್ರೀತಿಯ ಚಂದ್ರವ್ವಾ,

ಕಾರ್ಖಾನೆಯ ಸುದ್ದಿ ಓದಿ ಬೇಸರವಾಯಿತು. ಆದರೆ ಮಾರಾಯ್ತಿ, ಆ ಚೆಂಡವಾಡಿಯ ಆಲೋಚನೆ ಬಿಟ್ಟುಬಿಡು. ಆ ಕಾಡಿನ ಅಂಚಿನ ಕ್ವಾರ್ಟರ್ಸಿನಲ್ಲಿ ನಾಲ್ಕು ವರ್ಷ ಇದ್ದವಳು ನಾನು. ಹಾವು ಎಂದರೆ ಹಾವು! ನಮ್ಮ ಬಚ್ಚಲಿನಲ್ಲೇ ಮೂರು ಸಲ ಕಂಡಿದ್ದೇನೆ. ಚಿರತೆ ನಾಯಿಗಳನ್ನು ಎಳೆದೊಯ್ಯುತ್ತದೆ. ಉಂಬಳ ಕಚ್ಚಿದರೆ ವಾರವಿಡೀ ತುರಿಕೆ. ಕುರ್ಲಾದಿಂದ ಅಲ್ಲಿಗೆ ಎರಡು ಲೋಕಲ್, ಒಂದು ಬಸ್ಸು. ನಿನ್ನ ಅಪ್ಪನನ್ನು ನೋಡುವವರು ಯಾರು?

ಮಾವ ಶಿಫಾರಸು ಮಾಡುವವರೂ ಅಲ್ಲ. ನಾವು ಏನಾದರೂ ಕೇಳಿದರೆ ಅವರಿಗೆ ಆಗುವುದಿಲ್ಲ. ನೀನು ಹೊಲಿಗೆ ಕಲಿ. ದಾದರಿನಲ್ಲಿ ಕನ್ನಡದವರದ್ದೇ ಕ್ಲಾಸು ಇದೆಯಂತೆ.

ಇಲ್ಲಿ ಮಳೆ ನಿಂತಿಲ್ಲ. ಇವರು ಹೆಂಚಿನ ಕಾರ್ಖಾನೆಯ ಆಫೀಸಿಗೆ ಹೋಗಿಬರುತ್ತಾರೆ. ನಾನು ಚೆನ್ನಾಗಿದ್ದೇನೆ.

ವಾರಿಜಾ


ಕುರ್ಲಾ
20 ಆಗಸ್ಟ್ 1973

ವಾರಿಜಾಗೆ,

ಹೊಲಿಗೆ ಕಲಿಯಬೇಕಂತೆ! ಮಿಷನ್ನನ್ನು ಯಾರು ಕೊಡುತ್ತಾರೆ, ನಿನ್ನ ಗಂಡನೇ?

ಹಾವಿಗೆ ಹೆದರುವವಳಿಗೆ ಹೇಳು ಹಾವಿನ ಕಥೆ. ನನ್ನ ಮನೆಯಲ್ಲಿ ಹೆಗ್ಗಣ ಕೊಳೆಯುತ್ತಿದೆ. ನನಗೆ ತಿಳಿಯಿತು ಬಿಡು. ಚಾಳಿನ ಹುಡುಗಿ, ಸಿಮೆಂಟು ಹೊರುವ ನಿಂಗಣ್ಣನ ಮಗಳು ನಿಮ್ಮ ಮನೆತನದ ಹೆಸರು ಹೇಳಿಕೊಂಡು ಹೋಗಿ ನಿಂತರೆ ನಿಮ್ಮ ಮಾವನಿಗೆ ಅವಮಾನ. ನಾಲ್ಕು ವರ್ಷ ನನ್ನ ಡಬ್ಬಿಯ ರೊಟ್ಟಿ ತಿನ್ನುವಾಗ ನಿನಗೆ ಆ ಅವಮಾನ ಇರಲಿಲ್ಲ.

ಕೈಲಾಗದಿದ್ದರೆ ಆಗುವುದಿಲ್ಲ ಎಂದು ಬರೆ. ಚಿರತೆ, ಉಂಬಳ ಎಲ್ಲ ಬೇಡ.

ಚಂದ್ರವ್ವ


ಮಂಗಳೂರು
2 ಸೆಪ್ಟೆಂಬರ್ 1973

ಚಂದ್ರವ್ವಾ,

ನಿನ್ನ ಕಾಗದ ಓದಿ ಎರಡು ದಿನ ಅತ್ತೆ. ನೀನು ಅಂದುಕೊಂಡದ್ದು ಯಾವುದೂ ನಿಜವಲ್ಲ. ನಿನ್ನ ರೊಟ್ಟಿ ಮರೆತವಳಲ್ಲ ನಾನು.

ಇದರೊಡನೆ ಮಾವನಿಗೆ ಬರೆದ ಪತ್ರವಿದೆ, ಅಂಟಿಸಿಲ್ಲ, ನೀನೇ ಓದಿಕೋ. ಅವರು ದೇವರಂಥ ಮನುಷ್ಯ, ನಾಲ್ಕು ವರ್ಷ ಮಗಳಂತೆ ಸಾಕಿದರು, ಅವರ ಉಪಕಾರ ತೀರಿಸಲಾರೆ, ಈ ಗೆಳತಿಗೂ ದಾರಿ ಮಾಡಿಕೊಡಬೇಕು ಎಂದೆಲ್ಲ ಬರೆದಿದ್ದೇನೆ. ಹಾಗೆ ಬರೆದರೆ ಅವರು ಕರಗುತ್ತಾರೆ.

ಒಂದು ಮಾತು. ಅರ್ಜಿಯನ್ನು ಕಚೇರಿಯಲ್ಲೇ ಕೊಡು, ಹಗಲು ಹೊತ್ತಿನಲ್ಲಿ. ಕ್ವಾರ್ಟರ್ಸಿಗೆ ಹೋಗಬೇಡ. ಮಾವನ ಹೆಂಡತಿ, ಮಾಮಿ, ಊರಿಗೆ ಬಂದು ಆರು ತಿಂಗಳಾಯಿತು. ಮನೆಯಲ್ಲಿ ಒಂದು ಲೋಟ ಚಹಾ ಕೊಡುವವರೂ ಇಲ್ಲ, ಸುಮ್ಮನೆ ನಡಿಗೆ ದಂಡ.

ವಾರಿಜಾ


ಕುರ್ಲಾ
25 ಸೆಪ್ಟೆಂಬರ್ 1973

ಪ್ರೀತಿಯ ವಾರಿಜಾ,

ನಿನ್ನ ಪತ್ರ ಕೆಲಸ ಮಾಡಿತು ಎಂದೇ ಹೇಳಬೇಕು. ಅಂದು ಸಿಟ್ಟಿನಲ್ಲಿ ಏನೇನೋ ಬರೆದೆ. ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಹತ್ತನೇ ತಾರೀಖು ಹೋದೆ. ಗೇಟಿನಿಂದ ರಸ್ತೆಯ ತನಕ ಸಾಲು. ನಾಲ್ಕುನೂರು ಜನ ಇದ್ದಿರಬೇಕು, ಅರ್ಧ ಹೆಂಗಸರೇ. ಹಸಿ ಸಗಣಿಗೊಬ್ಬರ ತುಂಬಿದ ಬುಟ್ಟಿ ಹೊತ್ತು ನೂರು ಹೆಜ್ಜೆ ನಡೆಯಬೇಕು, ಅದು ಪರೀಕ್ಷೆ. ಗೊಬ್ಬರದ ನೀರು ಹಣೆಯಿಂದ ಇಳಿದು ಬಾಯಿಗೆ ಬರುತ್ತದೆ, ಒರೆಸಲು ಕೈ ಬಿಡುವ ಹಾಗಿಲ್ಲ. ಇಬ್ಬರು ಬಾಬುಗಳು ಕುರ್ಚಿಯಲ್ಲಿ ಕೂತು ಪೇರಲಹಣ್ಣು ತಿನ್ನುತ್ತ ನೋಡುತ್ತಿದ್ದರು. ಒಬ್ಬ ಮುದುಕಿ ಬಿದ್ದಳು. ಅವರು ಬೀಜ ಉಗುಳಿ ಅವಳ ಹೆಸರಿನ ಮೇಲೆ ಗೀಟು ಎಳೆದರು.

ನಾನು ಬೀಳಲಿಲ್ಲ. ನಿನ್ನ ಮಾವ ಪತ್ರ ಓದಿದರು. ಫಾರ್ಮಿನಲ್ಲಿ ತಪ್ಪುಗಳಿವೆ, ತಿದ್ದಬೇಕು ಎಂದರು. ಅದಕ್ಕಾಗಿ ಕೆಲವು ದಿನ ಓಡಾಡಬೇಕಾಯಿತು. ಪಟ್ಟಿ ಇನ್ನೂ ಹಚ್ಚಿಲ್ಲ.

ವಾರಿಜಾ, ನಿನ್ನ ಮಾವನ ಕಾಲಿಗೆ ಏನಾಗಿದೆ? ಅದು ಅಂಟುರೋಗವೇ?

ಮನೆಯಲ್ಲಿ ಸೋಪು ಮುಗಿದಿದೆ. ಬೂದಿ ಹಚ್ಚಿ ಕೈ ತೊಳೆಯುತ್ತೇನೆ.

ಚಂದ್ರವ್ವ


ಮಂಗಳೂರು
22 ನವೆಂಬರ್ 1973

ಚಂದ್ರವ್ವಾ,

ಅಕ್ಟೋಬರಿನಲ್ಲಿ ಬರೆದ ಕಾಗದಕ್ಕೆ ನೀನು ಉತ್ತರಿಸಲಿಲ್ಲ. ಸಿಕ್ಕಿತೋ ಇಲ್ಲವೋ. ಮಾವ ಇವರಿಗೆ ಬರೆದಿದ್ದರು. ನಿನ್ನ ಹೆಸರು ಪಟ್ಟಿಯಲ್ಲಿದೆಯಂತೆ, ಗಟ್ಟಿ ಹುಡುಗಿ ಎಂದು ಹೊಗಳಿದ್ದಾರೆ. ಕೆಲಸ ಸಿಕ್ಕಿದ ಮೇಲೆ ನನ್ನನ್ನು ಮರೆತೆಯಾ?

ಕಾಲಿನದು ಹಳೆಯ ಇಸುಬು. ಅಂಟುವುದಿಲ್ಲ.

ನನಗೆ ಈಗ ಆರು ತಿಂಗಳು. ಫೆಬ್ರವರಿಯಲ್ಲಿ ಹೆರಿಗೆ. ನಮ್ಮಲ್ಲಿ ಸೋದರಮಾವನೇ ಮನೆಯ ಯಜಮಾನ, ಅವರೇ ಬಂದು ಹೆಸರಿಡಬೇಕು ಎಂದು ಅತ್ತೆ ಈಗಲೇ ಪತ್ರ ಹಾಕಿಸಿದ್ದಾರೆ. ಅದನ್ನು ನೆನೆದರೆ ನನಗೆ ಹೊಟ್ಟೆ ತೊಳೆಸುತ್ತದೆ. ಬಸುರಿಯ ವಾಕರಿಕೆ ಎನ್ನುತ್ತಾರೆ.

ಕಾಡು ಹೇಗಿದೆ? ಒಂದು ಸಾಲು ಬರೆ.

ವಾರಿಜಾ


ಕುರ್ಲಾ
8 ಜನವರಿ 1974

ವಾರಿಜಾ,

ನಾನು ಏಕೆ ಬರೆಯಲಿಲ್ಲ ಎಂದು ಹೇಳುತ್ತೇನೆ. ಬಾಗಿಲು ಹಾಕಿಕೊಂಡು ಓದು.

ಕಾಡು ಚೆನ್ನಾಗಿದೆ. ಮನುಷ್ಯರು ಬರುವುದು ಅಸಹ್ಯ. ಪ್ರತಿ ಭಾನುವಾರ ಕೆರೆಯ ದಂಡೆಗೆ ಪಿಕ್‌ನಿಕ್ಕಿನವರು ಬರುತ್ತಾರೆ. ಸೋಮವಾರ ನಾವು ಎತ್ತಬೇಕು. ನೆಕ್ಕಿದ ಎಲೆ, ಮೂಳೆ, ಒಡೆದ ಬಾಟಲಿ, ಕೂಸುಗಳ ಹೊಲಸು ಮೆತ್ತಿದ ಬಟ್ಟೆ. ಹೋದ ವಾರ ಒಂದು ಜಿಂಕೆ ಸತ್ತಿತು. ಹೊಟ್ಟೆ ಕೊಯ್ದರೆ ಒಳಗೆ ಪ್ಲಾಸ್ಟಿಕ್ ಚೀಲದ ಗಂಟು, ಉಪ್ಪಿನಕಾಯಿ ವಾಸನೆ ಹೊಡೆಯುತ್ತಿತ್ತು. ಇಷ್ಟೆಲ್ಲ ನನ್ನ ಕೈಯಿಂದ ಎತ್ತಿದ್ದೇನೆ, ಹೇಸಲಿಲ್ಲ. ಸೆಪ್ಟೆಂಬರಿನಲ್ಲಿ ಮುಟ್ಟಿದ್ದಕ್ಕೆ ಇವತ್ತಿಗೂ ಹೇಸುತ್ತೇನೆ.

ನಿನ್ನ ಮಾವ ಅಂದು ಪತ್ರ ಓದಿ, ಹಲ್ಲಿನ ಸಂದಿಯ ಅಡಿಕೆಯನ್ನು ನಾಲಿಗೆಯಲ್ಲಿ ಕೆದಕುತ್ತ, "ಓಹೋ, ನಮ್ಮ ವಾರಿಜಾ ಕಳಿಸಿದ್ದಾ? ಇಲ್ಲಿ ಜನ ಜಾಸ್ತಿ. ಕ್ವಾರ್ಟರ್ಸಿಗೆ ಬಾ, ಫಾರ್ಮು ಸರಿಮಾಡಿ ಕೊಡ್ತೇನೆ" ಎಂದ. ಚಹಾ ಸಿಗುವುದಿಲ್ಲ ಎಂದು ನೀನು ಬರೆದಿದ್ದೆ. ಚಹಾ ಯಾರಿಗೆ ಬೇಕಿತ್ತು? ಹೋದೆ.

ಆರಾಮ ಕುರ್ಚಿಯಲ್ಲಿ ಒರಗಿ ಎರಡೂ ಕಾಲು ಸ್ಟೂಲಿನ ಮೇಲೆ ಇಟ್ಟಿದ್ದ. ಹಿಮ್ಮಡಿಯಿಂದ ಮೊಣಕಾಲಿನ ತನಕ ಕಪ್ಪು ಹೊಪ್ಪಳೆ, ಕೆರೆದಲ್ಲಿ ನೀರು ಒಸರುತ್ತಿತ್ತು. ಎಣ್ಣೆಯ ಬಟ್ಟಲು ತೋರಿಸಿದ. "ಹೆದರಿಕೆ ಎಂತದು? ವಾರಿಜಾ ದಿನಾ ಒತ್ತುತ್ತಿದ್ದಳು." ಮಾವನ ಕಾಲನ್ನು ಸೋದರಸೊಸೆ ಒತ್ತಿದರೆ ತಪ್ಪೇನು, ಹಿರಿಯರು ಎಂದುಕೊಂಡೆ. ಒಂಬತ್ತು ದಿನ ಒತ್ತಿದೆ. ಉಗುರಿನೊಳಗೆ ಅವನ ಚರ್ಮದ ಪುಡಿ. ಲೋಕಲಿನಲ್ಲಿ ಕೈಯನ್ನು ದೂರ ಹಿಡಿದುಕೊಂಡು ನಿಲ್ಲುತ್ತಿದ್ದೆ. ಮನೆಯಲ್ಲಿ ಅಪ್ಪನಿಗೆ ಅನ್ನ ಕಲಸಿ ಕೊಡಲು ಆಗುತ್ತಿರಲಿಲ್ಲ.

ಒಂಬತ್ತನೆಯ ದಿನ ಕಾಲೆತ್ತಿ ನನ್ನ ಮಡಿಲಲ್ಲಿ ಇಟ್ಟ. "ನೋವು ಮೇಲಕ್ಕೆ ಹೋಗಿದೆ" ಎಂದು ನನ್ನ ಕೈ ಹಿಡಿದು ಎಳೆದ. ನಾನು ಕಾಲನ್ನು ತಳ್ಳಿ ಎದ್ದೆ, ಬಟ್ಟಲು ಉರುಳಿತು. ಅವನಿಗೆ ಸಿಟ್ಟೂ ಬರಲಿಲ್ಲ. ನಕ್ಕ. "ವಾರಿಜಾ ಇಷ್ಟಕ್ಕೆ ನಿಲ್ಲಿಸ್ತಿರಲಿಲ್ಲ" ಎಂದ.

ಅಷ್ಟರಲ್ಲಿ ಪಟ್ಟಿ ಸಾಹೇಬರ ಸಹಿಗೆ ಹೋಗಿಬಿಟ್ಟಿತ್ತು, ಅದಕ್ಕೆ ನನ್ನ ಹೆಸರು ಉಳಿಯಿತು. ಮೊದಲ ದಿನ ಹುಲ್ಲು ಕೊಯ್ಯುವಾಗ ಸಿಂದಗಿ ಕಡೆಯ ಕಾಶವ್ವ, ಐವತ್ತರ ಹೆಂಗಸು, ಕುಡುಗೋಲು ನಿಲ್ಲಿಸದೆ ಕೇಳಿದಳು: "ನೀ ಎಷ್ಟ ದಿನ ಒತ್ತಿದಿ?" ನಾನೂ ಸೇರಿ ಹನ್ನೊಂದು ಹೆಂಗಸರು ಒಬ್ಬೊಬ್ಬರಾಗಿ ಹೇಳಿಕೊಂಡೆವು. ಯಾರೂ ಅಳಲಿಲ್ಲ. ಒಬ್ಬಳು ಮಾತ್ರ ಕೆಮ್ಮಿ ಉಗುಳಿದಳು.

ಅವನು ನಿನ್ನ ಬಗ್ಗೆ ಹೇಳಿದ್ದು ಸುಳ್ಳೇ? ಸುಳ್ಳು ಎಂದು ಬರೆ. ನಂಬುತ್ತೇನೆ. ನಿಜವಾಗಿದ್ದರೆ, ಎಲ್ಲ ಗೊತ್ತಿದ್ದೂ ನೀನು ನನಗೆ ಹಾವು ಇದೆ ಎಂದು ಮಾತ್ರ ಏಕೆ ಬರೆದೆ?

ಚಂದ್ರವ್ವ


ಮಂಗಳೂರು
11 ಮಾರ್ಚ್ 1974

ಚಂದ್ರವ್ವನಿಗೆ,

ಫೆಬ್ರವರಿ ಹದಿನಾರರಂದು ಹೆಣ್ಣು ಮಗುವಾಯಿತು. ಇಬ್ಬರೂ ಕ್ಷೇಮ.

ನಿನ್ನ ಕಾಗದ ತಲುಪಿತು. ನೀನು ಯಾವುದನ್ನೋ ತಪ್ಪಾಗಿ ತಿಳಿದಂತಿದೆ. ಹಿರಿಯರ ಕಾಲು ಒತ್ತುವುದು ನಮ್ಮ ಕಡೆಯ ರೂಢಿ, ಅದರಲ್ಲಿ ಕೆಟ್ಟದ್ದು ಕಾಣಬಾರದು. ಮಾವನಿಗೆ ವಯಸ್ಸಾಗಿದೆ, ಮಾತಿನಲ್ಲಿ ಹಿಡಿತವಿಲ್ಲ. ಹೊಟ್ಟೆಗೆ ಅನ್ನ ಕೊಟ್ಟವರ ಮೇಲೆ ಇಂಥ ಮಾತು ಆಡುವುದು ನಿನಗೆ ಶೋಭಿಸುವುದಿಲ್ಲ.

ಇವರು ನಿನಗಾಗಿ ಒಂದು ಸೀರೆ ಕಳಿಸುತ್ತಿದ್ದಾರೆ. ಉಟ್ಟುಕೋ.

ವಾರಿಜಾ


ಕುರ್ಲಾ
30 ಮಾರ್ಚ್ 1974

ವಾರಿಜಾ,

ಮಗು ಸುಖವಾಗಿರಲಿ. ಸೀರೆಯನ್ನು ಹಿಂದಕ್ಕೆ ಕಳಿಸಿದ್ದೇನೆ. ಗಂಟು ಬಿಚ್ಚಿಯೂ ನೋಡಲಿಲ್ಲ.

ಆ ಕಾಗದದ ಅಕ್ಷರ ನಿನ್ನದು, ಮಾತು ನಿನ್ನದಲ್ಲ. ಶೋಭಿಸುವುದಿಲ್ಲ ಎಂಬ ಶಬ್ದವನ್ನು ನೀನು ನಾಲ್ಕು ವರ್ಷದಲ್ಲಿ ಒಮ್ಮೆಯೂ ಆಡಿರಲಿಲ್ಲ. ಯಾರೋ ಪಕ್ಕದಲ್ಲಿ ನಿಂತು ಬರೆಸಿರಬೇಕು ಎಂದುಕೊಂಡು ಇದೊಂದು ಸಲ ಕೇಳುತ್ತೇನೆ.

ಚೆಂಡವಾಡಿಗೆ ಹೊಸ ಸಾಹೇಬರು ಬಂದಿದ್ದಾರೆ. ನಾವು ಹನ್ನೊಂದು ಜನ ದೂರು ಕೊಟ್ಟೆವು. ನಾನು ಕನ್ನಡದಲ್ಲಿ ಬರೆದೆ, ನಮ್ಮ ಚಾಳಿನ ಮರಾಠಿ ಮಾಸ್ತರರು ಮರಾಠಿಗೆ ಇಳಿಸಿಕೊಟ್ಟರು. ಏಳು ಹೆಬ್ಬೆಟ್ಟು, ನಾಲ್ಕು ಸಹಿ. ಸಾಹೇಬರು ಓದಿ, "ನಿಮಗೆಲ್ಲ ಕೆಲಸ ಸಿಕ್ಕಿದೆ. ಸಿಕ್ಕಿದ ಮೇಲೆ ದೂರುತ್ತೀರಿ. ಮುಂದಿನ ವರ್ಷಕ್ಕೂ ಕೆಲಸ ಗಟ್ಟಿ ಮಾಡಿಕೊಳ್ಳಲು ಈ ಆಟ ಎಂದು ಹೆಡ್ ಕ್ಲಾರ್ಕ್ ಹೇಳುತ್ತಾರೆ. ಇದರಿಂದ ಲಾಭವಿಲ್ಲದವರು ಒಬ್ಬರಾದರೂ ಹೇಳಲಿ" ಎಂದರು.

ಅಂಥವಳು ನೀನೊಬ್ಬಳೇ. ಮೇ ಹದಿನಾಲ್ಕಕ್ಕೆ ವಿಚಾರಣೆ. ನಡೆದದ್ದನ್ನು ಬರೆದು ಸಹಿ ಮಾಡಿ ಸಾಹೇಬರ ಹೆಸರಿಗೆ ರಿಜಿಸ್ಟರ್ಡ್ ಕಳಿಸು. ಏನೂ ನಡೆದಿಲ್ಲದಿದ್ದರೆ ಏನೂ ನಡೆದಿಲ್ಲ ಎಂದು ನನಗೆ ಬರೆ. ಸುಮ್ಮನೆ ಮಾತ್ರ ಇರಬೇಡ.

ಚಂದ್ರವ್ವ


ಮಂಗಳೂರು
7 ಮೇ 1974

ನನ್ನ ಚಂದ್ರವ್ವಾ,

ಸಾಹೇಬರಿಗೆ ಬರೆದದ್ದನ್ನು ಇವತ್ತು ಬೆಳಗ್ಗೆ ರಿಜಿಸ್ಟರ್ಡ್ ಮಾಡಿದೆ. ಕೂಸನ್ನು ಸೊಂಟದಲ್ಲಿ ಇಟ್ಟುಕೊಂಡು ನಾನೇ ಅಂಚೆ ಕಚೇರಿಗೆ ಹೋಗಿದ್ದೆ.

ಮಾರ್ಚಿನ ಕಾಗದ ಇವರು ಹೇಳಿ ಬರೆಸಿದ್ದು. ನಿನ್ನ ಜನವರಿಯ ಪತ್ರ ನನಗಿಂತ ಮೊದಲು ಇವರ ಕೈಗೆ ಸಿಕ್ಕಿತು. "ಇದೇನು?" ಎಂದರು. "ಅವಳಿಗೆ ಹುಚ್ಚು" ಎಂದೆ. ಹಾಗಾದರೆ ಬರೆ ಎಂದು ಕೂರಿಸಿದರು. ನಿನ್ನನ್ನು ಹುಚ್ಚಿ ಮಾಡಿ ನಾನು ಎರಡು ತಿಂಗಳು ಬಾಣಂತಿ ಊಟ ಉಂಡೆ.

ಕೇಳು. ಅವ್ವ ಸತ್ತ ವರ್ಷ, ಹದಿನೆಂಟು ತುಂಬಿದವಳು, ಮುಂಬಯಿಗೆ ಬಂದೆ. ಮೊದಲ ವರ್ಷ ಕಾಲು ಮಾತ್ರ. ಆಮೇಲೆ ಕಾಲು ಮಾತ್ರವಲ್ಲ. ಮಾಮಿ ಆ ಹೊತ್ತಿಗೆ ಸರಿಯಾಗಿ ಹೂವಿಗೆ, ತರಕಾರಿಗೆ ಎಂದು ಹೊರಗೆ ಹೋಗುತ್ತಿದ್ದರು. ಬಂದ ಮೇಲೆ ನನ್ನ ಮುಖ ನೋಡದೆ ಒಲೆ ಊದುತ್ತಿದ್ದರು. ಉಳಿದದ್ದನ್ನು ಸಾಹೇಬರಿಗೆ ಬರೆದಿದ್ದೇನೆ, ಇನ್ನೊಮ್ಮೆ ಬರೆಯಲು ಕೈ ಬರುವುದಿಲ್ಲ. ಕಾರ್ಖಾನೆಯಲ್ಲಿ ನಾನು ಬಾಟಲಿ ತೊಳೆಯುವ ಸೋಡಾನೀರಿನಲ್ಲಿ ಕೈ ಅದ್ದಿಕೊಂಡೇ ಕೂರುತ್ತಿದ್ದೆ. ಚರ್ಮ ಸುಲಿಯುತ್ತದೆ ಎಂದು ನೀನು ಬೈಯುತ್ತಿದ್ದೆ.

ನೀನು ಕೆಲಸ ಕೇಳಿ ಬರೆದಾಗ ನಿಜ ಬರೆಯಲು ಕೂತೆ. ಮೂರು ಹಾಳೆ ಹರಿದೆ. ಕೊನೆಗೆ ಹಾವು ಎಂದು ಬರೆದೆ. ನೀನು ಬೈದೆ. ನನ್ನನ್ನು ಜಂಬದವಳು ಎಂದುಕೊಳ್ಳುತ್ತೀಯಲ್ಲ ಎಂಬ ಸಂಕಟಕ್ಕೆ ಆ ಶಿಫಾರಸು ಪತ್ರ ಬರೆದುಬಿಟ್ಟೆ. ನಿನಗೆ ಹಾಗೆಲ್ಲ ಆಗಲಾರದು, ನೀನು ಗಟ್ಟಿ ಎಂದು ನನಗೆ ನಾನೇ ಹೇಳಿಕೊಂಡೆ. ಇದು ಕ್ಷಮೆ ಕೇಳಿ ತೀರುವಂಥ ತಪ್ಪಲ್ಲ, ಆದ್ದರಿಂದ ಕೇಳುವುದಿಲ್ಲ.

ಮಾವ ಹೆಸರಿಡಲು ಬರುವವರಿದ್ದರು. ನಾನೇ ಇಟ್ಟೆ. ಮೋಹಿನಿ.

ಇವರಿಗೆ ನಿನ್ನೆ ರಾತ್ರಿ ಎಲ್ಲ ಹೇಳಿದೆ. ಎದ್ದು ಹಾಸಿಗೆಯನ್ನು ಜಗಲಿಗೆ ಒಯ್ದರು.

ವಾರಿಜಾ


ಕುರ್ಲಾ
17 ಮೇ 1974

ವಾರಿಜಾಗೆ,

ಇದು ನನ್ನ ಕೊನೆಯ ಕಾಗದ. ರೈಲು ಮುಷ್ಕರ ಮುಗಿದು ಟಪಾಲು ಹೊರಟಾಗ ನಿನಗೆ ಮುಟ್ಟಲಿ.

ವಿಚಾರಣೆ ನಡೆಯಿತು. ಕುರ್ಲಾದಿಂದ ಲೋಕಲ್ ಇಲ್ಲ. ನಾನು ನಡೆದು, ಲಾರಿ ಹತ್ತಿ, ಮತ್ತೆ ನಡೆದು ಹೋದೆ. ಹನ್ನೊಂದರಲ್ಲಿ ಆರು ಜನ ಬಂದಿದ್ದೆವು. ಬಾರದವರನ್ನು ದೂರು ಹಿಂತೆಗೆದುಕೊಂಡವರು ಎಂದು ಬರೆದುಕೊಂಡರು. ಬಂದವರಲ್ಲಿ ಇಬ್ಬರು ನಿನ್ನ ಮಾವನನ್ನು ನೋಡಿದ ಕೂಡಲೇ ನಮಗೇನೂ ಗೊತ್ತಿಲ್ಲ ಎಂದರು.

ಆಮೇಲೆ ಅವನು ಜೇಬಿನಿಂದ ಒಂದು ಹಾಳೆ ತೆಗೆದ. ನಿನ್ನ ಪತ್ರ. ದೇವರಂಥ ಮನುಷ್ಯ, ಮಗಳಂತೆ ಸಾಕಿದರು, ಉಪಕಾರ ತೀರಿಸಲಾರೆ. ಒಂದೊಂದೇ ಸಾಲು ಓದಿ ಮರಾಠಿಯಲ್ಲಿ ಅರ್ಥ ಹೇಳಿದ. ಕಣ್ಣೊರೆಸಿಕೊಂಡ. "ಈ ಹೆಂಗಸೇ ಇದನ್ನು ತಂದುಕೊಟ್ಟವಳು" ಎಂದು ನನ್ನ ಕಡೆ ಬೆರಳು ಮಾಡಿದ. ಸುಳ್ಳು ಎನ್ನುವ ಹಾಗಿರಲಿಲ್ಲ, ತಂದುಕೊಟ್ಟವಳು ನಾನೇ. ಹೊರಡುವಾಗ ಎಲ್ಲರೆದುರು ನನ್ನ ತಲೆಯ ಮೇಲೆ ಕೈಯಿಟ್ಟು, "ತಿಳಿಯದ ಹುಡುಗಿ, ಕ್ಷಮಿಸಿದ್ದೇನೆ" ಎಂದ. ಆ ಕೈ. ಮನೆಗೆ ಬಂದು ಕೂದಲನ್ನು ಮೂರು ಸಲ ತೊಳೆದೆ.

ನಿನ್ನ ಹೆಸರಿನಲ್ಲಿ ಒಂದು ಸಾಲೂ ಬರಲಿಲ್ಲ. ಅವನನ್ನು ಕಂಡರೆ ನನಗೆ ಹೇಸಿಗೆ, ಆದರೆ ಅವನು ಅಂಥವನು ಎಂದು ಗೊತ್ತು. ನಿನ್ನದು ಅದಕ್ಕಿಂತ ಕೆಟ್ಟ ಹೇಸಿಗೆ. ನೀನು ನನ್ನ ಡಬ್ಬಿಯಲ್ಲಿ ಉಂಡವಳು.

ಇನ್ನು ಬರೆಯಬೇಡ.

ಚಂದ್ರವ್ವ


ಕುರ್ಲಾ
12 ಜೂನ್ 1974

ವಾರಿಜಾ,

ನಿನ್ನ ಮೇ ಏಳರ ಕಾಗದ ಜೂನ್ ಆರಕ್ಕೆ ಬಂತು. ಮುಷ್ಕರದಲ್ಲಿ ಎಲ್ಲಿ ಬಿದ್ದಿತ್ತೋ. ಅಷ್ಟರಲ್ಲಿ ನನ್ನದು ನಿನ್ನ ಕೈಗೆ ಸಿಕ್ಕಿರುತ್ತದೆ. ಬರೆದದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲು ಆಗುವುದಿಲ್ಲ. ಅಂದು ನಾನು ತಿಳಿದಿದ್ದಷ್ಟಕ್ಕೆ ಅದು ನಿಜವೇ ಆಗಿತ್ತು.

ಮರುದಿನ ಚೆಂಡವಾಡಿಗೆ ಹೋದೆ. ಕಾಶವ್ವನೂ ಬಂದಳು. ಸೀಸನ್ ಮುಗಿದು ಗೇಟು ಹಾಕಿತ್ತು. ಸಾಹೇಬರು ಒಬ್ಬರೇ ಕೂತಿದ್ದರು. ನಿನ್ನ ರಿಜಿಸ್ಟರ್ಡ್ ಅವರಿಗೂ ಬಂದಿತ್ತು, ಕನ್ನಡ ಬಲ್ಲವರಿಂದ ಓದಿಸಿದ್ದರು. ಫೈಲು ಮುಚ್ಚಿದೆ ಎಂದರು. ಆದರೂ ಎದ್ದು ತೆಗೆದರು. ನಿನ್ನ ಹಳೆಯ ಪತ್ರ, ಹೊಸ ಪತ್ರ ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರು.

"ಎರಡೂ ಒಂದೇ ಕೈಬರಹ. ಒಂದರಲ್ಲಿ ದೇವರು, ಒಂದರಲ್ಲಿ ಇದು. ನಾನು ಯಾವುದನ್ನು ನಂಬಲಿ?"

ನನ್ನ ಹರಕು ಹಿಂದಿಯಲ್ಲಿ ಹೇಳಿದೆ: "ಸಾಹೇಬ್, ಮೊದಲಿನದು ನನಗೆ ಕೆಲಸ ಸಿಗಲಿ ಎಂದು ಬರೆದದ್ದು. ಇದರಿಂದ ಅವಳಿಗೆ ಏನೂ ಸಿಗುವುದಿಲ್ಲ. ಗಂಡನ ಮನೆ ಇದೆ, ಅದೂ ಹೋಗುತ್ತದೆ. ಲಾಭವಿಲ್ಲದವರು ಹೇಳಲಿ ಎಂದು ನೀವೇ ಕೇಳಿದ್ದಿರಿ."

ಸಾಹೇಬರು ಎರಡೂ ಪತ್ರಗಳನ್ನು ಮತ್ತೆ ಫೈಲಿಗೆ ಸೇರಿಸಿದರು. ಕಾಶವ್ವ ನೆಲದ ಮೇಲೆ ಕೂತುಬಿಟ್ಟಳು. "ಏನಾರ ಒಂದ ಹೇಳ್ರಿ ಸಾಹೇಬ್ರ, ನಾ ಎದ್ದ ಹೋಗಂಗಿಲ್ಲ" ಎಂದಳು. ಅವರಿಗೆ ಕನ್ನಡ ತಿಳಿಯದು, ಆದರೆ ಅದು ತಿಳಿಯಿತು.

ಏನಾಯಿತು ಕೇಳು. ಅವನನ್ನು ಅರ್ಜಿಯ ಮೇಜಿನಿಂದ ಎಬ್ಬಿಸಿ ಗೋದಾಮಿಗೆ ಹಾಕಿದ್ದಾರೆ. ಅಷ್ಟೇ. ಇನ್ನು ಗುದ್ದಲಿ, ಬುಟ್ಟಿ ಎಣಿಸಬೇಕು. ಸಂಬಳ ಅದೇ, ಕ್ವಾರ್ಟರ್ಸೂ ಅದೇ. ಬರುವಾಗ ಕಂಡೆ. ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಕಾಲು ಚಾಚಿ ಪೇಪರು ಓದುತ್ತಿದ್ದ. ಇದಕ್ಕೆ ನ್ಯಾಯ ಎಂದು ಹೆಸರು.

ನಿನ್ನ ಮನೆಯಲ್ಲಿ ಹೇಗಿದೆ?

ಚಂದ್ರವ್ವ


ಮಂಗಳೂರು
3 ಆಗಸ್ಟ್ 1974

ಚಂದ್ರವ್ವಾ,

ನಿನ್ನ ಎರಡೂ ಕಾಗದ ಸಿಕ್ಕಿವೆ. ಮೇ ತಿಂಗಳದ್ದನ್ನು ಹರಿಯಲಿಲ್ಲ.

ಇಲ್ಲಿ ಯಾರೂ ಬೈಯಲಿಲ್ಲ. ನನ್ನ ಲೋಟ, ಬಟ್ಟಲು ಬೇರೆ ಇಟ್ಟರು. ನಾನು ನೀರು ಸೇದಿದ ಮೇಲೆ ಅತ್ತೆ ಹಗ್ಗವನ್ನು ತೊಳೆಯುತ್ತಾರೆ. ಇವರು "ಮೊದಲೇ ಏಕೆ ಹೇಳಲಿಲ್ಲ?" ಎಂದು ಒಮ್ಮೆ ಕೇಳಿದರು, ಅಷ್ಟೇ. ಅಂದಿನಿಂದ ಮಗುವನ್ನೂ ಎತ್ತಿಕೊಳ್ಳುವುದಿಲ್ಲ. ಅವಳು ತೆವಳಿಕೊಂಡು ಹೋಗಿ ಪಂಚೆ ಹಿಡಿದರೆ ಬಿಡಿಸಿಕೊಂಡು ಏಳುತ್ತಾರೆ. ನನ್ನನ್ನು ಹೇಸಲಿ, ನನಗೆ ಅಭ್ಯಾಸವಿದೆ. ಆರು ತಿಂಗಳ ಕೂಸನ್ನು ಹೇಸುವುದನ್ನು ನೋಡಲಾರೆ.

ತವರು ಎಂದರೆ ಊರಿನಲ್ಲಿರುವ ಮಾವನ ಮನೆಯೇ. ಅಲ್ಲಿ ಮಾಮಿ ಇದ್ದಾರೆ. ನಾನು ವಂಶದ ಮುಖಕ್ಕೆ ಮಸಿ ಬಳಿದೆ ಎಂದು ಬೀದಿಯಲ್ಲಿ ನಿಂತು ಕೂಗಿದರಂತೆ.

ನಾನು ನಿನ್ನಲ್ಲಿ ಏನನ್ನೂ ಕೇಳುತ್ತಿಲ್ಲ. ನೀನು ಸುದ್ದಿ ಕೇಳಿದ್ದೆ, ನಾನು ಬರೆದೆ.

ವಾರಿಜಾ


ಕುರ್ಲಾ
29 ಸೆಪ್ಟೆಂಬರ್ 1974

ವಾರಿಜಾ,

ಉತ್ತರ ತಡವಾಯಿತು. ಪಟ್ಟಿ ನೋಡಿಯೇ ಬರೆಯೋಣ ಎಂದು ಕಾದೆ.

ಈ ವರ್ಷವೂ ಅರ್ಜಿ ಹಾಕಿದೆ. ನಾನಷ್ಟೇ ಅಲ್ಲ, ಸಾಲಿನಲ್ಲಿ ಓದುಬರಹ ಬಾರದ ಹದಿನೇಳು ಹೆಂಗಸರ ಫಾರ್ಮನ್ನು ಹುಣಸೆ ಮರದ ಕೆಳಗೆ ಕೂತು ನಾನೇ ತುಂಬಿಕೊಟ್ಟೆ. ಬುಟ್ಟಿ ಹೊರುವ ಪರೀಕ್ಷೆ ಹಾಗೆಯೇ ಇದೆ, ಬಾಬುಗಳು ಹಾಗೆಯೇ ತಿನ್ನುತ್ತಾರೆ. ಮೇಜಿನಲ್ಲಿ ಬೇರೆ ಗುಮಾಸ್ತ. ಯಾರನ್ನೂ ಎಲ್ಲಿಗೂ ಬಾ ಎನ್ನಲಿಲ್ಲ.

ನಿನ್ನೆ ಪಟ್ಟಿ ಹಚ್ಚಿದರು. ಕಾಶವ್ವನ ಹೆಸರಿದೆ, ನಾನು ಬರೆದುಕೊಟ್ಟವರಲ್ಲಿ ಆರು ಜನರದ್ದಿದೆ. ನನ್ನದಿಲ್ಲ. ದೂರು ಬರೆದವಳು ಎಂದು ಗೀಟು ಎಳೆದಿರಬೇಕು. ಮೂರು ಸೀಸನ್ನಿನ ನನ್ನ ಲೆಕ್ಕ ಒಂದಕ್ಕೇ ನಿಂತಿತು. ಕಾಶವ್ವ ಪಟ್ಟಿಯ ಎದುರಿಗೆ ನನ್ನನ್ನು ಅಪ್ಪಿಕೊಂಡು, "ಯವ್ವಾ, ಈ ಸಲ ಯಾರ ಕಾಲೂ ಮುಟ್ಟಲಿಲ್ಲವಾ" ಎಂದು ದೊಡ್ಡ ದನಿಯಲ್ಲಿ ಅತ್ತಳು. ನನಗೆ ಅಳುವೂ ಬರಲಿಲ್ಲ, ಸಂತೋಷವೂ ಆಗಲಿಲ್ಲ. ಹಸಿವಾಗಿತ್ತು. ಇಬ್ಬರೂ ಬಸ್ ನಿಲ್ದಾಣದಲ್ಲಿ ಕೂತು ಅವಳ ರೊಟ್ಟಿ ತಿಂದೆವು.

ಈಗ ಇಲ್ಲೇ ಕುರ್ಲಾದಲ್ಲಿ ಒಂದು ಬಿಸ್ಕತ್ತಿನ ಬೇಕರಿಯಲ್ಲಿ ಡಬ್ಬ ತುಂಬುತ್ತೇನೆ. ಸುಟ್ಟ ಸಕ್ಕರೆಯ ವಾಸನೆ ತಲೆಗೆ ಹತ್ತುತ್ತದೆ. ಇನ್ನೊಬ್ಬಳು ಬೇಕೆಂದು ಸೇಠ್ ಹೇಳುತ್ತಿದ್ದಾನೆ. ಅವನ ಹೆಂಡತಿಯೂ ನಮ್ಮ ಜೊತೆಯಲ್ಲೇ ಕೂತು ತುಂಬುತ್ತಾಳೆ, ನೋಡಿಯೇ ಸೇರಿದೆ.

ನಿನಗೆ ಸುಳ್ಳು ಬರೆಯುವುದಿಲ್ಲ. ನಿನ್ನನ್ನು ನೆನೆದರೆ ಈಗಲೂ ಕೆಲವು ದಿನ ಅಸಹ್ಯವಾಗುತ್ತದೆ. ಆ ಶಿಫಾರಸು ಪತ್ರದ ಒಂದೊಂದು ಸಾಲೂ ಬಾಯಿಪಾಠವಾಗಿದೆ. ಅದು ಹೋಗುತ್ತದೋ ಇಲ್ಲವೋ ನನಗೆ ತಿಳಿಯದು. ಆದರೆ ಆ ಮನೆಯಲ್ಲಿ ನೀನು ಸೇದಿದ ಹಗ್ಗ ತೊಳೆಯುತ್ತಾರೆ ಎಂದು ಓದಿದ ಮೇಲೆ ನನಗೆ ಅನ್ನ ಇಳಿಯುತ್ತಿಲ್ಲ. ಅಪ್ಪನಿಗೆ ಎಲ್ಲ ಹೇಳಿದೆ. ಕೆಮ್ಮಿ ಕೆಮ್ಮಿ, "ಹತ್ತ ಫೂಟಿನ ಖೋಲಿ ಐತಿ. ನಾ ಹೊರಗ ಮಲಗತೀನಿ. ಬಾ ಅನ್ನು" ಎಂದ.

ಮನೆ ಹಾಗೆಯೇ ಇದೆ. ನಾಲೆ ನಾರುತ್ತದೆ. ನಲ್ಲಿಯ ನೀರು ಬೆಳಗ್ಗೆ ಅರ್ಧ ಗಂಟೆ. ಎಲ್ಲ ಗೊತ್ತಿದ್ದು ಬಾ.

ಮಂಗಳೂರಿನ ಬಸ್ಸು ಸಾಯನ್‌ನಲ್ಲಿ ನಿಲ್ಲುತ್ತದೆ. ಯಾವ ದಿನ ಎಂದು ಒಂದು ಕಾರ್ಡು ಹಾಕು. ಇಳಿದು ಅಲ್ಲೇ ನಿಂತಿರು, ಯಾರನ್ನೂ ದಾರಿ ಕೇಳಬೇಡ. ಗಂಟನ್ನು ನೀನು ಹಿಡಿ. ಕೂಸನ್ನು ನಾನು ಎತ್ತಿಕೊಳ್ಳುತ್ತೇನೆ.

ಚಂದ್ರವ್ವ